ಗ್ರೀನ್‌ಸ್ಟೆಡ್ ಚರ್ಚ್ ಕಟ್ಟಿದ್ದು ಕ್ರಿ.ಶ. 845ರಲ್ಲಿ ಅಲ್ಲ

ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಚಿಪ್ಪಿಂಗ್ ಓಂಗರ್ ಪಕ್ಕದ ಗ್ರೀನ್‌ಸ್ಟೆಡ್ ಹಳ್ಳಿಯ ಮರದ ಚರ್ಚ್ 845ರದ್ದು ಎಂಬ ಸಂದೇಶ ಹರಿದಾಡುತ್ತಿದೆ. ಈ ಇಸವಿ ತಪ್ಪು. 1960ರಲ್ಲಿ ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿದಾಗ ಬಂದ ಲೆಕ್ಕ ಅದು. 1990ರ ದಶಕದಲ್ಲಿ ಮತ್ತೆ ಪರೀಕ್ಷಿಸಿದಾಗ ಗೋಡೆಯ ಮರ ಕಡಿದದ್ದು 1060ರ ನಂತರ ಎಂದು ತಿಳಿಯಿತು. ಅಂದರೆ ಇನ್ನೂರು ವರ್ಷಕ್ಕೂ ಹೆಚ್ಚು ವ್ಯತ್ಯಾಸ!

ಹಾಗಂತ ನೋಡದೆ ಬರಬೇಡಿ. ಉದ್ದಕ್ಕೆ ಸೀಳಿದ ಓಕ್ ದಿಮ್ಮಿಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ದುಂಡು ಮುಖ ಹೊರಗೆ, ಚಪ್ಪಟೆ ಮುಖ ಒಳಗೆ. ಬುಡದ ಇಟ್ಟಿಗೆ ಸಾಲು ಮಾತ್ರ 19ನೇ ಶತಮಾನದ್ದು. ಕೊಳೆತ ತುದಿಗಳನ್ನು ಕತ್ತರಿಸಿ ಅದರ ಮೇಲೆ ಕೂರಿಸಿದರು. ಪೂರ್ವ ತುದಿಯ ಇಟ್ಟಿಗೆ ಭಾಗ ಟ್ಯೂಡರ್ ರಾಜಮನೆತನದ ಕಾಲದ್ದು (1485–1603), ಅದನ್ನೂ ಮೂಲದ್ದೆಂದು ತಿಳಿಯಬೇಡಿ.

845 ಎಂದಿರುವ ಸಂದೇಶವನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನು ಹಾಕಿ.