ಬಜೆಟ್ ನೋಡದೆ ಎಲ್ಲಾ ಪೋರ್ಟ್ ಆನ್ ಮಾಡ್ಬೇಡಿ
ಲೇಖನ ಚೆನ್ನಾಗಿದೆ, ಆದ್ರೆ ಎಲ್ಲಾ ಪೋರ್ಟಲ್ಲೂ ಪಿಒಇ (ನೆಟ್‌ವರ್ಕ್ ಕೇಬಲ್ಲಲ್ಲೇ ಡಿವೈಸಿಗೆ ಕರೆಂಟ್ ಕೊಡೋದು) ಆನ್ ಮಾಡಿಬಿಟ್ರೆ ಮುಗೀತು ಅಂದಿದ್ದೀರಲ್ಲ, ಎಡವೋದೇ ಅಲ್ಲಿ. ಮೊದ್ಲು ನೆಟ್‌ವರ್ಕ್ ಸ್ವಿಚ್ಚಿನ ಒಟ್ಟು ವ್ಯಾಟ್ ಬಜೆಟ್, ಅಂದ್ರೆ ಎಲ್ಲಾ ಪೋರ್ಟಿಗೂ ಸೇರಿ ಅದು ಕೊಡಬಲ್ಲ ಪವರ್, ನೋಡ್ಬೇಕು. 24 ಪೋರ್ಟಿಗೆ 370 ವ್ಯಾಟ್ ಇದ್ರೆ, 802.3ಎಎಫ್ ಅನ್ನೋ ಪಿಒಇ ಸ್ಟ್ಯಾಂಡರ್ಡ್ ಲೆಕ್ಕದಲ್ಲಿ ಪೋರ್ಟಿಗೆ 15.4ರಂತೆ ಎಲ್ಲಕ್ಕೂ ಸರಿಯಾಗಿ ಸಾಲುತ್ತೆ, ಅದೇ 30 ವ್ಯಾಟ್ ಕೇಳೋ, ಅದರ ಮುಂದಿನ ಸ್ಟ್ಯಾಂಡರ್ಡ್ 802.3ಎಟಿ ಡಿವೈಸ್ ಹಾಕ್ತಾ ಹೋದ್ರೆ 12ಕ್ಕೇ ಖಲಾಸ್. ಆ 30ರಲ್ಲೂ ಕೇಬಲ್ಲಲ್ಲಿ ಒಂದಿಷ್ಟು ಸೋರಿ ಆ ಕಡೆ ಗ್ಯಾರಂಟಿಯಾಗಿ ಸಿಗೋದು 25.5 ಮಾತ್ರ.

ನಂಗೆ ಇದು ಗೊತ್ತಾಗಿದ್ದು ಪೆಟ್ಟು ತಿಂದ್ಮೇಲೆ, ಕ್ಯಾಮೆರಾಗಳು ಹಗಲೆಲ್ಲಾ ಆರಾಮಾಗಿದ್ದು ರಾತ್ರಿ ಕತ್ತಲಲ್ಲಿ ಕಾಣೋಕಿರೋ ಐಆರ್ ಲೈಟ್ ಹತ್ತಿದ ಕೂಡ್ಲೇ ಆಫ್ ಆಗೋವು, ನಾನು ಕೇಬಲ್ ಕೆಟ್ಟಿದೆ ಅಂತ ಎರಡು ದಿನ ಕ್ರಿಂಪಿಂಗ್ (ಕೇಬಲ್ ತುದಿಗೆ ಕನೆಕ್ಟರ್ ಒತ್ತಿ ಕೂರಿಸೋದು) ಮಾಡ್ತಾ ಕೂತಿದ್ದೆ, ಕೊನೆಗೆ ಸ್ವಿಚ್ಚಿನ ಲಾಗ್ ತೆಗೆದು ನೋಡಿದ್ರೆ ಪವರ್ ಸಾಲದೆ ಸ್ವಿಚ್ಚೇ ಪೋರ್ಟ್ ಕಟ್ ಮಾಡ್ತಿತ್ತು! (ಲಾಗ್ ಮೊದ್ಲೇ ನೋಡೋ ಬುದ್ಧಿ ಯಾಕೋ ಬರ್ಲಿಲ್ಲ.)

ಅದಕ್ಕೇ ಪವರ್ ಸಾಲದಾಗ ಯಾವುದು ಉಳೀಬೇಕು ಅಂತ ಪೋರ್ಟ್ ಪ್ರಯಾರಿಟಿ ಸೆಟ್ ಮಾಡಿ, ವೈಫೈ ಆಕ್ಸೆಸ್ ಪಾಯಿಂಟಿಗೆ ಕ್ರಿಟಿಕಲ್, ಟೇಬಲ್ ಫೋನಿಗೆ ಲೋ. ಪಿಸಿ, ಪ್ರಿಂಟರ್ ಪೋರ್ಟಲ್ಲಿ ಆನ್ ಇದ್ರೂ ಸುಡಲ್ಲ, ಸ್ವಿಚ್ ಮೊದ್ಲು ಡಿವೈಸ್ ಚೆಕ್ ಮಾಡೇ ಕರೆಂಟ್ ಬಿಡೋದು. ಸುಡೋದೇನಿದ್ರೂ ಚೆಕ್ ಮಾಡ್ದೆ ಸದಾ ಕರೆಂಟ್ ಬಿಡೋ ಅಗ್ಗದ ಪ್ಯಾಸಿವ್ ಇಂಜೆಕ್ಟರಲ್ಲಿ (ಕೇಬಲ್ಲಿಗೆ ಕರೆಂಟ್ ಸೇರಿಸೋ ಡಬ್ಬಿ).