ಇಲ್ಲದ ವಿದ್ಯಾರ್ಥಿನಿ ಕೆಟ್ಟ ಕಥೆ

1905ರಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ ಒಂದು ತಲೆಹರಟೆ ವಾಕ್ಯ ಹಿಡಿದು ಕೂತರು: 'ಫ್ರಾನ್ಸಿನ ಈಗಿನ ರಾಜ ಬೋಳುತಲೆಯವನು.' ಫ್ರಾನ್ಸಿನಲ್ಲಿ ಆಗ ರಾಜನೇ ಇಲ್ಲ. ಹಾಗಾದರೆ ಈ ಮಾತು ನಿಜವೋ ಸುಳ್ಳೋ? ರಸೆಲ್ ಅದನ್ನು ಬಿಚ್ಚಿ ನೋಡಿದರು. ಒಳಗೆ 'ಅಂಥ ರಾಜನೊಬ್ಬ ಇದ್ದಾನೆ' ಅನ್ನುವ ಮಾತು ಅಡಗಿ ಕೂತಿತ್ತು. ಅದೇ ಸುಳ್ಳು. ಮತ್ತೆ ತಲೆ ತಡವಿ ನೋಡುವ ಅಗತ್ಯವೇನು?

ಕೋರ್ಟುಗಳು ಇಂಥದ್ದನ್ನೆಲ್ಲ ಓದುವುದಿಲ್ಲ, ಅಲ್ವಾ? 1940ರಲ್ಲಿ ನ್ಯೂಯಾರ್ಕಿನ ಸಿಟಿ ಕಾಲೇಜು ತರ್ಕಶಾಸ್ತ್ರ, ಗಣಿತದ ಬುನಾದಿ ಕಲಿಸಲು ರಸೆಲ್‌ರನ್ನು ನೇಮಿಸಿತು. ಮದುವೆ, ಧರ್ಮದ ಬಗ್ಗೆ ಅವರು ಬರೆದದ್ದನ್ನು ಹಿಡಿದು ಬಿಷಪ್ ಒಬ್ಬರು ಗದ್ದಲ ಎಬ್ಬಿಸಿದರು. ಬ್ರೂಕ್ಲಿನ್‌ನ ತಾಯಿಯೊಬ್ಬರು ಮಗಳು ಕೆಟ್ಟುಹೋದಾಳೆಂದು ಕೋರ್ಟಿಗೆ ಹೋದರು. ಆದರೆ ರಸೆಲ್ ಪಾಠ ಮಾಡಬೇಕಿದ್ದ ಹಗಲಿನ ತರಗತಿಗಳಿಗೆ ಹುಡುಗಿಯರನ್ನು ಸೇರಿಸಿಕೊಳ್ಳುತ್ತಲೇ ಇರಲಿಲ್ಲ! ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಕೂಸಿನ ಆಸೆಯಾದರೂ ಇರುತ್ತದೆ. ಇಲ್ಲಿ ಅಡ್ಮಿಷನ್ನೇ ಇಲ್ಲ.

ತಾಯಿಯ ಕಡೆಯ ವಕೀಲರು ರಸೆಲ್ ಪುಸ್ತಕಗಳಿಗೆ ಬೈಗುಳದ ಸಹಸ್ರನಾಮ ಓದಿದರು. ಕಾಮುಕ, ಲಂಪಟ ಅಂತ ಶುರುವಾದದ್ದು ಹೋಗ್ತಾ ಹೋಗ್ತಾ 'ಸಂಕುಚಿತ ಬುದ್ಧಿ'ಗೂ ಬಂತು. ಅದು ನನಗೆ ಬಲು ಇಷ್ಟವಾಯಿತು.

ನ್ಯಾಯಮೂರ್ತಿ ಮೆಕ್‌ಗೀಹನ್ ರಸೆಲ್ ಅವರ ಈ ಪ್ರಾಧ್ಯಾಪಕ ಹುದ್ದೆಯನ್ನು 'ಅಸಭ್ಯತೆಯ ಪೀಠ' ಎಂದು ಕರೆದು ನೇಮಕ ರದ್ದು ಮಾಡಿದರು. ಇನ್ನೂ ಎರಡು ಕೊರತೆ ಸಿಕ್ಕವು: ರಸೆಲ್ ಅಮೆರಿಕದ ಪ್ರಜೆ ಅಲ್ಲ, ಸ್ಪರ್ಧಾತ್ಮಕ ಪರೀಕ್ಷೆ ಬರೆದಿಲ್ಲ. ಪರೀಕ್ಷೆ! 67 ವರ್ಷದ ರಸೆಲ್ ಹಾಲ್ ಟಿಕೆಟ್ ಹಿಡಿದು ಕೂತದ್ದನ್ನು ಸುಮ್ನೆ ಊಹಿಸಿಕೊಳ್ಳಿ. ಮೊದಲ ಪ್ರಶ್ನೆ: ಒಂದಕ್ಕೆ ಒಂದು ಕೂಡಿದರೆ ಎಷ್ಟು? ವೈಟ್‌ಹೆಡ್ ಅನ್ನುವ ಗಣಿತಜ್ಞರ ಜೊತೆ ಸೇರಿ 1910ರಲ್ಲಿ ತಂದ ಗಣಿತದ ಬುನಾದಿಯ ಪುಸ್ತಕದಲ್ಲಿ ಈ ಲೆಕ್ಕದ ಹತ್ತಿರ ಬರುವಾಗಲೇ 379ನೇ ಪುಟ. ಅಲ್ಲೂ 'ಕೂಡುವುದು ಅಂದರೇನು ಅಂತ ಹೇಳಿದ ಮೇಲೆ ಎರಡು ಬರುತ್ತದೆ' ಅನ್ನುವ ಅರ್ಥದ ಷರಾ. ಅಡಿಷನಲ್ ಶೀಟ್ ಕೊಟ್ಟು ಕೊಟ್ಟೇ ಮೇಲ್ವಿಚಾರಕರ ಕೈ ಸೋತುಹೋಗುತ್ತಿತ್ತು.

ನನ್ನ ಮಾತೂ ಕೇಳಿ ಅಂತ ರಸೆಲ್ ಕೋರ್ಟಿಗೆ ಹೋದರೆ, ಈ ಕೇಸಿನಲ್ಲಿ ನೀವು ಕಕ್ಷಿದಾರರೇ ಅಲ್ಲ ಅಂತ ಉತ್ತರ. ಮೇಯರ್ ಲಾ ಗಾರ್ಡಿಯಾ ಅವರದು ಇನ್ನೂ ಜಾಸ್ತಿ ಜಾಣತನ. ಬಜೆಟ್ಟಿನಿಂದ ಆ ಹುದ್ದೆಯ ದುಡ್ಡನ್ನೇ ತೆಗೆದರು. ಇಲ್ಲದ ಹುದ್ದೆಯ ಮೇಷ್ಟ್ರಿಂದ, ಕ್ಲಾಸಿಗೆ ಸೇರದ ಹುಡುಗಿ ಕೆಡುವುದು ಅಂತೂ ತಪ್ಪಿತು.

ಅದೇ ವರ್ಷ ರಸೆಲ್‌ರ ಹೊಸ ಪುಸ್ತಕ ಬಂತು. ಇಂಗ್ಲೆಂಡಿನ ಮುದ್ರಣದಲ್ಲಿ ಲೇಖಕರ ಹೆಸರಿನ ಕೆಳಗೆ, ಬಿರುದು ಬಾವಲಿಗಳ ಸಾಲಿನಲ್ಲೇ, ಪ್ರಾಧ್ಯಾಪಕನಾಗಲು ಅಯೋಗ್ಯನೆಂದು ನ್ಯೂಯಾರ್ಕಿನ ಕೋರ್ಟು ಸಾರಿದ್ದನ್ನೂ ಇಸವಿ ಸಮೇತ ಅಚ್ಚು ಹಾಕಿಸಿದ್ದರು. ನಾನಾಗಿದ್ದರೆ ವಿಸಿಟಿಂಗ್ ಕಾರ್ಡಿಗೂ ಹಾಕಿಸುತ್ತಿದ್ದೆ.