ಒಂದೂ ಚಂದದ ಫೋಟೋ ಕಳಿಸದ ಕೋಪರ್ನಿಕಸ್

ಬಾಹ್ಯಾಕಾಶ ದೂರದರ್ಶಕ ಅಂದ ಕೂಡಲೇ ಎಲ್ಲರ ಬಾಯಲ್ಲೂ ಹಬಲ್, ಈಗೀಗ ಜೇಮ್ಸ್ ವೆಬ್. ಸರಿ, ಇರಲಿ. ಆದರೆ 1972ರ ಆಗಸ್ಟ್ 21ರಂದು ಹಾರಿದ ಕೋಪರ್ನಿಕಸ್ ಹೆಸರನ್ನು ಯಾರೂ ಎತ್ತುವುದೇ ಇಲ್ಲ. ಕಾರಣ ಗೊತ್ತೇ ಇದೆ. ಅದು ಗೋಡೆಗೆ ಅಂಟಿಸುವಂಥ ಒಂದು ಚಿತ್ರವನ್ನೂ ಕಳಿಸಲಿಲ್ಲ.

ನಕ್ಷತ್ರಗಳನ್ನು ನೋಡಲೆಂದು ನಾಸಾ ಹಾರಿಸಿದ ಒಂದು ಸಾಲು ಉಪಗ್ರಹಗಳಲ್ಲಿ ಅದು ನಾಲ್ಕನೆಯದು. 1966ರದ್ದು ಮೂರೇ ದಿನಕ್ಕೆ ಕೈಕೊಟ್ಟಿತು. 1968ರದ್ದು ಚೆನ್ನಾಗಿ ದುಡಿಯಿತು. 1970ರದ್ದು ರಾಕೆಟ್ಟಿನ ಮೂತಿಯ ಕವಚ ಕಳಚದೆ ಕಕ್ಷೆಯನ್ನೇ ಸೇರಲಿಲ್ಲ. ಇಷ್ಟಾದ ಮೇಲೂ ಇನ್ನೊಂದಕ್ಕೆ ಕೈಹಾಕಿದರಲ್ಲ, ಮೆಚ್ಚಬೇಕು!

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರ 80 ಸೆಂಟಿಮೀಟರ್ ದೂರದರ್ಶಕ ಅದರಲ್ಲಿತ್ತು. ಮುಂದಾಳು ಲೈಮನ್ ಸ್ಪಿಟ್ಜರ್. ದೂರದರ್ಶಕ ಗಾಳಿಯ ಆಚೆಗೆ ಹೋಗಬೇಕು ಅಂತ 1946ರಲ್ಲೇ ಬರೆದಿದ್ದ ಮನುಷ್ಯ. ನಕ್ಷತ್ರದ ಅತಿನೇರಳೆ ಬೆಳಕನ್ನು ಬೇರೆ ಬೇರೆ ತರಂಗಗಳಾಗಿ ಬಿಡಿಸಿ, ಒಂದೊಂದು ಹೆಜ್ಜೆಗೂ ಸುಮಾರು 14 ಸೆಕೆಂಡು ನಿಂತು, ಬೆಳಕಿನ ಕಣ ಎಣಿಸಿ, ಮುಂದಕ್ಕೆ ಸರಿಯುವುದು. ಇದೇ ಅದರ ಕೆಲಸ, 1981ರ ತನಕ.

ಆ ಎಣಿಕೆಯಲ್ಲಿ ಸಿಕ್ಕಿದ್ದು ಡ್ಯೂಟೀರಿಯಮ್, ಅಂದರೆ ಭಾರವಾದ ಜಲಜನಕ. ನಕ್ಷತ್ರಗಳ ನಡುವಿನ ಅನಿಲದಲ್ಲಿ ಜಲಜನಕದ ಲಕ್ಷ ಪರಮಾಣುಗಳಿಗೆ ಒಂದೋ ಒಂದೂವರೆಯೋ. ಇಷ್ಟು ಚಿಲ್ಲರೆ ಲೆಕ್ಕ ಯಾಕೆ ಅಂದರೆ, ಡ್ಯೂಟೀರಿಯಮ್ ಹುಟ್ಟಿದ್ದು ಮಹಾಸ್ಫೋಟದಲ್ಲಿ. ನಕ್ಷತ್ರಗಳು ಅದನ್ನು ಉರಿಸಿ ಮುಗಿಸುತ್ತವೆ ಅಷ್ಟೇ, ಹೊಸದಾಗಿ ಮಾಡುವುದಿಲ್ಲ. ಆಗ ಸಾಮಾನ್ಯ ವಸ್ತು, ಅಂದರೆ ಪರಮಾಣುಗಳಿಂದಾಗುವ ವಸ್ತು, ಜಾಸ್ತಿ ಇದ್ದಿದ್ದರೆ ಡ್ಯೂಟೀರಿಯಮ್ ಆಗಲೇ ಹೀಲಿಯಮ್ ಆಗಿ ಈಗ ಇಷ್ಟೂ ಉಳಿಯುತ್ತಿರಲಿಲ್ಲ. ಅಂದರೆ ವಿಶ್ವದ ಹಿಗ್ಗುವಿಕೆಯನ್ನು ತಡೆಯುವಷ್ಟು ಸಾಮಾನ್ಯ ವಸ್ತು ಇಲ್ಲ! ನಕ್ಷತ್ರದ ಬೆಳಕಿನಲ್ಲಿ ಡ್ಯೂಟೀರಿಯಮ್ ಮೂಡಿಸಿದ ಒಂದು ಮಸುಕು ಗೆರೆಯಿಂದ ಇಷ್ಟು ದೊಡ್ಡ ತೀರ್ಮಾನ. ನನಗೆ ಯಾವ ಬಣ್ಣದ ನೀಹಾರಿಕೆಗಿಂತಲೂ ಇದೇ ರೋಮಾಂಚನ. ಕೋಪರ್ನಿಕಸ್ ನೋಡಿದ ಅತಿನೇರಳೆಯ ಆ ಕಿರಿದಾದ ತರಂಗಗಳು ಹಬಲ್‌ಗೆ ಸರಿಯಾಗಿ ಕಾಣುವುದಿಲ್ಲ, ಅದರ ಕನ್ನಡಿಯ ಲೇಪನ ಬಿಡುವುದಿಲ್ಲ. ಆ ತರಂಗಗಳಲ್ಲಿ ವರ್ಷಗಟ್ಟಲೆ ದುಡಿಯುವ ಇನ್ನೊಂದು ಉಪಗ್ರಹ, ಫ್ಯೂಸ್, ಬಂದಿದ್ದು 1999ರಲ್ಲಿ.

ಜೊತೆಗೆ ಲಂಡನ್ ಯೂನಿವರ್ಸಿಟಿ ಕಾಲೇಜಿನ ಎಕ್ಸ್-ರೇ ಉಪಕರಣಗಳೂ ಇದ್ದವು. ಸುಮಾರು 14 ನಿಮಿಷಕ್ಕೊಮ್ಮೆ ತನ್ನ ಸುತ್ತ ತಾನೇ ತಿರುಗುವ ಎಕ್ಸ್ ಪರ್ಸಿಯೈ ಅನ್ನುವ ಸೋಮಾರಿ ಪಲ್ಸಾರ್ (ತಿರುಗುತ್ತ ಮಿಡಿಯುವ ಸತ್ತ ನಕ್ಷತ್ರ) ಅವರ ಬಲೆಗೆ ಬಿತ್ತು.

ಅತಿನೇರಳೆ, ಎಕ್ಸ್-ರೇ ಎರಡನ್ನೂ ಒಂದೇ ಉಪಗ್ರಹದಲ್ಲಿ ಇಡುವ ಈ ಏರ್ಪಾಡು 2015ರಲ್ಲಿ ನಮ್ಮ ಆಸ್ಟ್ರೋಸ್ಯಾಟ್‌ನಲ್ಲೂ ಬಂತು. ಅದರ ಅತಿನೇರಳೆ ದೂರದರ್ಶಕ ಜೋಡಣೆಯಾಗಿದ್ದು ಇಲ್ಲೇ ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ. ಬಿರಿಯಾನಿಗೆ ಅಂತ ಬೆಳಗಿನ ಜಾವ ಅಲ್ಲಿಗೆ ಓಡುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು, ಹೇಳಿ?